ಅಬಿಜಾನ್ ಬಂದರಿಗೆ ಬಂದ ಅಗ್ಗದ ಮಾಂಸ: ಒಂದು ಪ್ರಕರಣ ಅಧ್ಯಯನ

1990ರ ಸುಮಾರಿಗೆ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ದೇಶದ ಅಬಿಜಾನ್ ನಗರದಲ್ಲಿ ಎರಡು ಬಗೆಯ ದನದ ಮಾಂಸ ಸಿಗುತ್ತಿತ್ತು. ಒಂದು ತಾಜಾ ಮಾಂಸ. ಉತ್ತರದ ಬುರ್ಕಿನಾ ಫಾಸೊ, ಮಾಲಿ ದೇಶಗಳಿಂದ ರೈಲಿನಲ್ಲೋ ಲಾರಿಯಲ್ಲೋ ಬಂದ ದನಗಳನ್ನು ಅಲ್ಲೇ ಕಡಿದು ಮಾರುತ್ತಿದ್ದರು. ಇನ್ನೊಂದು ಯುರೋಪಿನಿಂದ ಹಡಗಿನಲ್ಲಿ ಬಂದ ಫ್ರೀಜರ್ ಮಾಂಸ. ವಿಚಿತ್ರ ಅಂದರೆ ದೂರದಿಂದ ಬಂದದ್ದೇ ಅಗ್ಗ. ಅದೂ ನಾಲ್ಕು ಕಾಸಿನ ವ್ಯತ್ಯಾಸ ಅಲ್ಲ. ಪಕ್ಕದ ದೇಶದ ಮಾಂಸಕ್ಕಿಂತ ಮೂರನೇ ಒಂದು ಭಾಗ ಕಡಿಮೆ, ಕೆಲವೊಮ್ಮೆ ಅರ್ಧದಷ್ಟು ಬೆಲೆ.

ಯುರೋಪಿನಲ್ಲಿ ದನ ಸಾಕುವುದು ದುಬಾರಿ ಕೆಲಸ. ಚಳಿಗಾಲಕ್ಕೆ ಕೊಟ್ಟಿಗೆ ಬೇಕು, ಕೊಂಡು ತಂದ ಮೇವು ಬೇಕು, ಕೂಲಿಯೂ ಜಾಸ್ತಿ. ಸಹಾರಾ ಮರುಭೂಮಿಯ ಅಂಚಿನ ಸಹೇಲ್ ಪ್ರದೇಶದಲ್ಲಿ ದನ ಬಯಲಲ್ಲಿ ಮೇದುಕೊಂಡು ಬೆಳೆಯುತ್ತದೆ. ಸಾಕುವ ಖರ್ಚಿನಲ್ಲಿ ಸಹೇಲಿನವರ ಜೊತೆ ಯುರೋಪಿನ ರೈತ ಪೈಪೋಟಿ ಮಾಡಲು ಸಾಧ್ಯವೇ ಇಲ್ಲ. ಹಾಗಿದ್ದರೂ ಅಬಿಜಾನಿನಲ್ಲಿ ಗೆದ್ದದ್ದು ಯುರೋಪಿನ ಮಾಂಸ. ಬೆಲೆಯ ಒಂದು ಭಾಗವನ್ನು ಯುರೋಪಿನ ತೆರಿಗೆದಾರರು ಮೊದಲೇ ಕಟ್ಟಿಬಿಟ್ಟಿದ್ದರು, ಅದಕ್ಕೆ.

ಯುರೋಪಿನ ಹೆಚ್ಚುವರಿ ಬೆಳೆಯನ್ನು ಹೊರದೇಶಕ್ಕೆ ಅಗ್ಗವಾಗಿ ಸಾಗಿಸಿದ ಕಥೆಗಳು ಬೇಕಾದಷ್ಟಿವೆ. ಬೆಣ್ಣೆ, ಸಕ್ಕರೆ, ಗೋಧಿ, ಹಾಲಿನ ಪುಡಿ, ಎಲ್ಲದಕ್ಕೂ ಒಂದೊಂದು ಕಥೆ ಇದೆ. ಈ ಮಾಂಸದ ಪ್ರಕರಣವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಇಲ್ಲಿ ಹಣ ಎಲ್ಲಿ ಹೊರಟಿತು, ಪೆಟ್ಟು ಯಾರಿಗೆ ಬಿತ್ತು, ಕೊನೆಗೆ ಅದು ಹೇಗೆ ನಿಂತಿತು ಎಂಬ ಮೂರೂ ಕಣ್ಣಿಗೆ ಕಾಣುತ್ತವೆ.

ಹೆಚ್ಚುವರಿ ಬಂದದ್ದು ಎಲ್ಲಿಂದ

ಎರಡನೇ ಮಹಾಯುದ್ಧದ ಕಾಲದಲ್ಲಿ, ಅದು ಮುಗಿದ ಮೇಲೂ ಕೆಲವು ವರ್ಷ, ಯುರೋಪಿನ ಜನ ಹಸಿವು ಏನೆಂದು ಕಂಡಿದ್ದರು. ಊಟಕ್ಕೆ ಇನ್ನೊಬ್ಬರ ಕೈ ನೋಡುವ ಹಾಗೆ ಆಗಬಾರದು ಎಂಬ ಹಟ ಆಗಿನ ನಾಯಕರಿಗಿತ್ತು. ಯುರೋಪಿಯನ್ ಸಮುದಾಯವನ್ನು (ಇಂದಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪ) ಕಟ್ಟಿದ 1957ರ ರೋಮ್ ಒಪ್ಪಂದದಲ್ಲೇ ಕೃಷಿಗೆ ಪ್ರತ್ಯೇಕ ಜಾಗ ಸಿಕ್ಕಿತು. 1962ರಿಂದ ಸಾಮಾನ್ಯ ಕೃಷಿ ನೀತಿ ಜಾರಿಗೆ ಬಂತು. 1968ರಲ್ಲಿ ದನದ ಮಾಂಸವೂ ಅದರ ಕೆಳಗೆ ಬಂತು.

ನೀತಿಯ ತಿರುಳು ಸರಳ. ರೈತನಿಗೆ ಒಂದು ಬೆಲೆ ಖಾತ್ರಿ. ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಕೆಳಗೆ ಜಾರಿದರೆ ಸರ್ಕಾರಿ ಸಂಸ್ಥೆಗಳು ಕೊಂಡು ಗೋದಾಮಿಗೆ ಹಾಕುತ್ತವೆ. ಹೊರಗಿನ ಅಗ್ಗದ ಮಾಲು ಒಳಗೆ ಬರದಂತೆ ಗಡಿಯಲ್ಲಿ ಸುಂಕ. ನಮ್ಮಲ್ಲಿ ಬೆಂಬಲ ಬೆಲೆ ಘೋಷಣೆ ಆದ ಮೇಲೂ ಖರೀದಿ ಕೇಂದ್ರ ಯಾವಾಗ ತೆರೆಯುತ್ತಾರೆ, ಒಬ್ಬ ರೈತನಿಂದ ಎಷ್ಟು ಕ್ವಿಂಟಲ್ ತಗೊಳ್ಳುತ್ತಾರೆ ಎಂದು ಕಾಯುತ್ತಾ ಕೂರಬೇಕು. ಯುರೋಪಿನಲ್ಲಿ ಹಾಗಿರಲಿಲ್ಲ. ಗುಣಮಟ್ಟ ಸರಿ ಇದ್ದರೆ ತಂದಷ್ಟನ್ನೂ ಕೊಳ್ಳುತ್ತಿದ್ದರು. ಹೀಗಿದ್ದರೆ ಯಾವ ರೈತ ತಾನೇ ಜಾಸ್ತಿ ಬೆಳೆಯುವುದಿಲ್ಲ? ತಿನ್ನುವವರ ಸಂಖ್ಯೆ ಅಷ್ಟೇ ಇತ್ತು, ಉತ್ಪಾದನೆ ಮಾತ್ರ ಏರುತ್ತಾ ಹೋಯಿತು.

ಮೊದಲು ತುಂಬಿದ್ದು ಬೆಣ್ಣೆಯ ಗೋದಾಮು. 1973ರಲ್ಲಿ ಸುಮಾರು 2 ಲಕ್ಷ ಟನ್ ಬೆಣ್ಣೆಯನ್ನು ಸೋವಿಯತ್ ಒಕ್ಕೂಟಕ್ಕೆ ಒಳಗಿನ ಬೆಲೆಯ ಒಂದು ಚಿಕ್ಕ ಭಾಗಕ್ಕೆ ಮಾರಿದರು. ಅದೇ ವರ್ಷ ಜನವರಿಯಲ್ಲಷ್ಟೇ ಸಮುದಾಯ ಸೇರಿದ್ದ ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆ ಆಯಿತು. ನಮ್ಮ ಮನೆಯ ಬೆಣ್ಣೆಗೆ ಜಾಸ್ತಿ ಬೆಲೆ, ರಷ್ಯಾದವರಿಗೆ ಕಡಿಮೆ ಬೆಲೆ, ವ್ಯತ್ಯಾಸ ಕಟ್ಟುವವರೂ ನಾವೇ ಎಂಬುದು ಅಲ್ಲಿನ ಜನರ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ತೆರಿಗೆ ಕಟ್ಟುವವರ ಸಿಟ್ಟು. ಅಗ್ಗದ ಮಾಲು ಹೋಗಿ ಬಿದ್ದ ಕಡೆಯ ರೈತನ ಕಥೆ ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಹಾಲಿನ ಹೊಳೆ ನಿಲ್ಲಿಸಲು 1984ರಲ್ಲಿ ಹಾಲಿಗೆ ಕೋಟಾ ಹಾಕಿದರು. ಒಬ್ಬೊಬ್ಬ ರೈತ ಇಂತಿಷ್ಟೇ ಹಾಲು ಕೊಡಬೇಕು, ಮೀರಿದರೆ ದಂಡ. ಕೋಟಾಕ್ಕಿಂತ ಹೆಚ್ಚು ಹಸು ಇದ್ದವರು ಅವನ್ನು ಕಸಾಯಿಖಾನೆಗೆ ಕಳಿಸಿದರು. ಹಾಲಿನ ಸಮಸ್ಯೆ ಮಾಂಸದ ಸಮಸ್ಯೆ ಆಯಿತು. 1990ರಲ್ಲಿ ಜರ್ಮನಿ ಒಂದಾದಾಗ ಪೂರ್ವ ಜರ್ಮನಿಯ ದೊಡ್ಡ ಸಾಮೂಹಿಕ ಫಾರ್ಮುಗಳ ದನಗಳೂ ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದವು. 1992ರ ಹೊತ್ತಿಗೆ ಯುರೋಪಿನ ಶೀತಲ ಗೋದಾಮುಗಳಲ್ಲಿ ಹತ್ತು ಲಕ್ಷ ಟನ್ನಿಗೂ ಹೆಚ್ಚು ದನದ ಮಾಂಸ ಕೂತಿತ್ತು.

ಮಾಂಸ ಗೋಧಿಯ ಹಾಗಲ್ಲ. ಸುಮ್ನೆ ಚೀಲದಲ್ಲಿ ಇಡಲಾಗುವುದಿಲ್ಲ. ದಿನದ ಇಪ್ಪತ್ತನಾಲ್ಕು ಗಂಟೆ ಕರೆಂಟು ಬೇಕು, ಗೋದಾಮಿಗೆ ಬಾಡಿಗೆ ಬೇಕು, ತಿಂಗಳು ಕಳೆದಂತೆ ಗುಣ ಇಳಿಯುತ್ತದೆ. ಇಟ್ಟಷ್ಟೂ ನಷ್ಟ. ಹೇಗಾದರೂ ಹೊರಗೆ ದಾಟಿಸಿದರೆ ಸಾಕು ಎಂಬುದು ಸಮುದಾಯದ ಆಡಳಿತ ಕೇಂದ್ರವಾದ ಬ್ರಸೆಲ್ಸಿನ ಲೆಕ್ಕ.

ರಫ್ತು ಮರುಪಾವತಿ ನಡೆಯುತ್ತಿದ್ದ ಬಗೆ

ದಾಟಿಸುವ ಉಪಾಯದ ಹೆಸರು ರಫ್ತು ಮರುಪಾವತಿ. ಅದು ನಡೆಯುತ್ತಿದ್ದುದು ಹೀಗೆ. ಯುರೋಪಿನ ಒಬ್ಬ ರಫ್ತುದಾರ ಒಳಗಿನ ಬೆಲೆಗೆ ಮಾಂಸ ಕೊಳ್ಳುತ್ತಾನೆ. ಆ ಬೆಲೆಗೆ ಹೊರಗೆ ಯಾರೂ ಕೊಳ್ಳುವುದಿಲ್ಲ. ಅವನು ಹೊರಗಿನ ಬೆಲೆಗೇ ಮಾರುತ್ತಾನೆ. ಎರಡರ ನಡುವಿನ ಅಂತರವನ್ನು ಸಮುದಾಯದ ಬಜೆಟ್ಟು ತುಂಬಿಕೊಡುತ್ತದೆ. ಇದಕ್ಕೆ ದರಪಟ್ಟಿಯೇ ಇತ್ತು. ನೂರು ಕಿಲೋಗೆ ಇಷ್ಟು ಎಂದು ಸಮುದಾಯದ ಅಧಿಕೃತ ಪತ್ರಿಕೆಯಲ್ಲಿ ಪ್ರಕಟವಾಗುತ್ತಿತ್ತು. ಎಲುಬು ಇದ್ದರೆ ಒಂದು ದರ, ಇಲ್ಲದಿದ್ದರೆ ಇನ್ನೊಂದು. ತಾಜಾಕ್ಕೆ ಒಂದು, ಫ್ರೀಜ್ ಮಾಡಿದ್ದಕ್ಕೆ ಒಂದು. ಎಲ್ಲಕ್ಕಿಂತ ಮುಖ್ಯವಾಗಿ, ಮಾಲು ಯಾವ ದೇಶಕ್ಕೆ ಹೋಗುತ್ತದೆ ಎಂಬುದರ ಮೇಲೆ ದರ ಬದಲಾಗುತ್ತಿತ್ತು. ಜಗತ್ತನ್ನು ವಲಯಗಳಾಗಿ ಹಂಚಿ, ಒಂದೊಂದು ವಲಯಕ್ಕೆ ಒಂದೊಂದು ದರ ಇಟ್ಟಿದ್ದರು. ಮಾಲು ಹೇಳಿದ ದೇಶದಲ್ಲೇ ಇಳಿದಿದೆ ಎಂಬ ಕಾಗದ ತೋರಿಸಿದರೆ ಪೂರ್ತಿ ಹಣ.

ದರ ದೇಶಕ್ಕೆ ತಕ್ಕಂತೆ ಬದಲಾಗುತ್ತಿತ್ತು ಎಂದರೆ ಏನರ್ಥ? ಯಾವ ಊರಿನ ಮಾರುಕಟ್ಟೆಯಲ್ಲಿ ಯುರೋಪಿನ ಮಾಲು ಎಷ್ಟು ಬೆಲೆಗೆ ನಿಲ್ಲಬೇಕು ಎಂಬುದನ್ನು ಬ್ರಸೆಲ್ಸಿನ ಒಂದು ಕಚೇರಿಯೇ ಹೆಚ್ಚುಕಡಿಮೆ ತೀರ್ಮಾನ ಮಾಡುತ್ತಿತ್ತು. ಅಬಿಜಾನಿನ ಬೆಲೆ ಅಬಿಜಾನಿನಲ್ಲಿ ಹುಟ್ಟುತ್ತಿರಲಿಲ್ಲ.

ಇದೆಲ್ಲ ರೈತನ ಹೆಸರಿನಲ್ಲಿ ನಡೆಯುತ್ತಿತ್ತು. ಆದರೆ ಚೆಕ್ ಹೋಗುತ್ತಿದ್ದುದು ರಫ್ತು ಕಂಪನಿಗೆ. ಯುರೋಪಿನ ರೈತನಿಗೆ ಬೆಲೆ ಬೀಳದೆ ಉಳಿಯಿತು ಎಂಬ ಪರೋಕ್ಷ ಲಾಭ ಮಾತ್ರ. ಅಬಿಜಾನಿಗೆ ಬಂದ ಮಾಲೂ ಯುರೋಪಿನವರು ಊಟದ ಮೇಜಿಗೆ ಇಡುವಂಥದ್ದಲ್ಲ. ಹೊಟ್ಟೆ, ಪಕ್ಕೆ ಭಾಗದ ಕೊಬ್ಬು ಜಾಸ್ತಿ ಇರುವ ತುಂಡುಗಳು. ಅಲ್ಲಿನ ವ್ಯಾಪಾರಿಗಳು ಅದನ್ನು 'ಕಾಪಾ' ಎನ್ನುತ್ತಿದ್ದರು. ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿ ಬರುತ್ತಿತ್ತು. 1984ರಿಂದ ಈಚೆಗೆ ಪಶ್ಚಿಮ ಆಫ್ರಿಕಾಕ್ಕೆ ಹೋಗುವ ಯುರೋಪಿನ ಮಾಂಸ ಹಲವು ಪಟ್ಟು ಬೆಳೆಯಿತು. 1991ರಲ್ಲಿ ಅದು 50,000 ಟನ್ ದಾಟಿತ್ತು.

ಸಹೇಲಿನಿಂದ ಅಬಿಜಾನಿಗೆ

ಈಗ ಆ ಕಾಲದ ಇನ್ನೊಂದು ದಾರಿ ನೋಡೋಣ. ಬುರ್ಕಿನಾ ಫಾಸೊ, ಮಾಲಿ, ನೈಜರ್ ಮೂರಕ್ಕೂ ಸಮುದ್ರವಿಲ್ಲ. ಮಾರಲು ಇದ್ದದ್ದರಲ್ಲಿ ಆಗ ಹತ್ತಿ, ದನ ಮುಖ್ಯ. ನೈಜರಿನಲ್ಲಿ ಯುರೇನಿಯಂ ಗಣಿಯೂ ಇತ್ತು. ದನ ಸಾಕುವವರಲ್ಲಿ ಫುಲಾನಿ ಜನ ಮುಖ್ಯರು. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾಹಿಗಳು ಹಿಂಡು ಹೊಡೆದುಕೊಂಡು ಹುಲ್ಲು ಇರುವ ಕಡೆ ಹೋಗುವಂತೆ ಇವರೂ ಮಳೆ ನೋಡಿಕೊಂಡು ಉತ್ತರಕ್ಕೂ ದಕ್ಷಿಣಕ್ಕೂ ಓಡಾಡುತ್ತಾರೆ. ಇವರ ದಿನದ ಊಟಕ್ಕೆ ಬೇಕಾದದ್ದು ಸಜ್ಜೆ. ಸಜ್ಜೆಯ ತವರೂರೇ ಆ ಪ್ರದೇಶ. ದನಗಾಹಿ ತನ್ನ ದನವನ್ನು ತಾನೇ ಕಡಿದು ತಿನ್ನುವುದು ಅಪರೂಪ. ದನ ಮಾರಿ ಸಜ್ಜೆ ಕೊಳ್ಳುತ್ತಾನೆ. ಹಾಗಾಗಿ ಒಂದು ಹೋರಿಗೆ ಎಷ್ಟು ಚೀಲ ಸಜ್ಜೆ ಬರುತ್ತದೆ ಎಂಬುದೇ ಆ ಮನೆಯ ಹೊಟ್ಟೆಯ ಪ್ರಶ್ನೆ.

ಬುರ್ಕಿನಾದ ಉತ್ತರದ ಜಿಬೊ ಸಂತೆಯಲ್ಲೋ, ಪೌಯ್ಟೆಂಗಾದ ದೊಡ್ಡ ದನದ ಸಂತೆಯಲ್ಲೋ ದನಗಾಹಿ ತನ್ನ ದನ ಮಾರುತ್ತಾನೆ. ಕೊಂಡ ವ್ಯಾಪಾರಿ ಹಿಂಡು ಕಟ್ಟುತ್ತಾನೆ. ಬುರ್ಕಿನಾದ ರಾಜಧಾನಿ ಔಗಡೌಗುವಿನಿಂದ ಅಬಿಜಾನಿಗೆ ಸುಮಾರು 1,150 ಕಿಲೋಮೀಟರ್ ರೈಲು ದಾರಿ. ವ್ಯಾಗನ್ ಸಿಗುವುದೇ ಕಷ್ಟ. ಸಿಗದಿದ್ದರೆ ಲಾರಿ. ಲಾರಿ ಹಿಡಿದರೆ ದಾರಿಯುದ್ದಕ್ಕೂ ತಪಾಸಣಾ ಕಂಬಗಳು. ಪೊಲೀಸರು, ಕಸ್ಟಮ್ಸ್‌ನವರು, ಪಶುವೈದ್ಯ ಇಲಾಖೆಯವರು, ಒಬ್ಬೊಬ್ಬರ ಕೈಗೂ ಏನಾದರೂ ಇಡಬೇಕು. ರಸೀದಿ ಇಲ್ಲದ ಹಣವೇ ಜಾಸ್ತಿ.

ಅಬಿಜಾನಿನ ಪೋರ್ಟ್ ಬುಯೆ ದನದ ಮಾರುಕಟ್ಟೆಗೆ ಬಂದ ಮೇಲೂ ವ್ಯಾಪಾರಿ ದನ ಮಾರಿ ದುಡ್ಡು ಎಣಿಸಿಕೊಂಡು ಹೋಗುವ ಹಾಗಿಲ್ಲ. ಅಲ್ಲಿ ಅವನಿಗೆ ಒಬ್ಬ ಮನೆಯೊಡೆಯ ಇರುತ್ತಾನೆ. ಉಳಿಯಲು ಜಾಗ ಕೊಡುವವನೂ ಅವನೇ, ಕಟುಕರ ಜೊತೆ ವ್ಯವಹಾರ ಕುದುರಿಸುವವನೂ ಅವನೇ. ಕಟುಕರು ದನವನ್ನು ಸಾಲಕ್ಕೆ ಒಯ್ಯುತ್ತಾರೆ. ಮಾಂಸ ಮಾರಿದ ಮೇಲೆ ದುಡ್ಡು. ಆ ಸಾಲಕ್ಕೆ ಮನೆಯೊಡೆಯನೇ ಜಾಮೀನು. ಬರವಣಿಗೆ ಇಲ್ಲ, ಬ್ಯಾಂಕ್ ಇಲ್ಲ, ನಂಬಿಕೆಯ ಮೇಲೆ ತಲೆಮಾರುಗಳಿಂದ ನಡೆದ ವ್ಯಾಪಾರ. ಕಟುಕನ ಮಾಂಸ ಮಾರಾಟವಾಗದಿದ್ದರೆ ಮನೆಯೊಡೆಯನ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಅವನದು ಸಿಕ್ಕಿಕೊಂಡರೆ ವ್ಯಾಪಾರಿಯದು. ವ್ಯಾಪಾರಿ ಬರಿಗೈಲಿ ಹಿಂತಿರುಗಿದರೆ ಮುಂದಿನ ಸಂತೆಯಲ್ಲಿ ಅವನು ದನವನ್ನೇ ಕೊಳ್ಳುವುದಿಲ್ಲ. ಅಬಿಜಾನಿನಲ್ಲಿ ಇಳಿದ ಒಂದು ಪೆಟ್ಟಿಗೆ ಜಿಬೊ ಸಂತೆಯವರೆಗೆ ಮುಟ್ಟುವುದು ಈ ಸರಪಳಿಯಲ್ಲಿ.

ಪೆಟ್ಟು ಬಿದ್ದದ್ದು ಯಾರಿಗೆ

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಅಬಿಜಾನಿನಲ್ಲಿ ಒಂದು ದನಕ್ಕೆ 100 ಬರುತ್ತದೆ ಅಂದುಕೊಳ್ಳಿ. ಅದರಲ್ಲಿ ರೈಲು, ಲಾರಿ, ತೆರಿಗೆ, ಮಾಮೂಲಿ, ದಾರಿಯ ಮೇವು, ಮಧ್ಯವರ್ತಿಗಳ ಪಾಲು ಎಲ್ಲ ಸೇರಿ 40. ಉಳಿದ 60 ದನಗಾಹಿಗೆ. ಅಗ್ಗದ ಮಾಂಸ ಬಂದು ಅಬಿಜಾನಿನ ಬೆಲೆ 80ಕ್ಕೆ ಇಳಿಯಿತು. ರೈಲಿನ ಟಿಕೆಟ್ಟು ಇಳಿಯಿತೇ? ಇಲ್ಲ. ಕಂಬದ ಬಳಿ ಕೊಡುವ ಮಾಮೂಲಿ ಇಳಿಯಿತೇ? ಅದೂ ಇಲ್ಲ. ಆ 40 ಹಾಗೇ ಇರುತ್ತದೆ. ದನಗಾಹಿಗೆ ಉಳಿಯುವುದು 40. ಪಟ್ಟಣದಲ್ಲಿ ಐದರಲ್ಲಿ ಒಂದು ಭಾಗ ಬೆಲೆ ಬಿದ್ದರೆ ಹಳ್ಳಿಯಲ್ಲಿ ಮೂರರಲ್ಲಿ ಒಂದು ಭಾಗ ಆದಾಯ ಹೋಯಿತು. ಸಂತೆ ದೂರ ಇದ್ದಷ್ಟೂ ಪೆಟ್ಟು ಜೋರು. ಸಮುದ್ರದಿಂದ ಅತಿ ದೂರ ಇರುವವನೇ ಅತಿ ಬಡವ, ಅವನಿಗೇ ದೊಡ್ಡ ಪೆಟ್ಟು.

ಇನ್ನೊಂದು ವ್ಯತ್ಯಾಸ ಇದೆ. ಫ್ರೀಜರ್ ಪೆಟ್ಟಿಗೆ ಕಾಯಬಲ್ಲದು. ಜೀವಂತ ದನ ಕಾಯಲಾರದು. ಪೋರ್ಟ್ ಬುಯೆಯಲ್ಲಿ ನಿಂತ ಒಂದೊಂದು ದಿನವೂ ಅದು ಸೊರಗುತ್ತದೆ, ಮೇವು ಕೇಳುತ್ತದೆ, ಕಾಯಿಲೆ ಬೀಳುತ್ತದೆ. ಹೀಗಾಗಿ ಬೆಲೆ ಕೂಡಿ ಬರಲಿ ಎಂದು ವ್ಯಾಪಾರಿ ಹಟ ಹಿಡಿದು ಕೂರುವಂತಿಲ್ಲ.

ಪಟ್ಟಣದ ಜನರ ಕಡೆಯನ್ನೂ ಹೇಳಲೇಬೇಕು. 1980ರ ದಶಕದ ಕೊನೆಗೆ ಕೋಕೋ ಬೆಲೆ ಕುಸಿದಿತ್ತು. ಐವರಿ ಕೋಸ್ಟ್ ನಿಂತಿದ್ದೇ ಕೋಕೋ ಮೇಲೆ. ಅಬಿಜಾನಿನಲ್ಲಿ ಸಂಬಳ ಕಡಿತ, ಕೆಲಸ ಕಡಿತ. ಅಂಥ ಹೊತ್ತಿನಲ್ಲಿ ಸಾರು ಮಾಡಲು ನಾಲ್ಕು ತುಂಡು ಅಗ್ಗದ ಮಾಂಸ ಸಿಕ್ಕಿದರೆ ಯಾವ ತಾಯಿ ಬೇಡ ಎನ್ನುತ್ತಾಳೆ? ಅವಳ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಯುರೋಪಿನ ಅಧಿಕಾರಿಗಳೂ ಇದನ್ನೇ ಮುಂದಿಡುತ್ತಿದ್ದರು. ಬಡವರಿಗೆ ಅಗ್ಗದ ಆಹಾರ ಸಿಗುತ್ತಿದೆ, ಕೆಟ್ಟದ್ದೇನು ಎಂಬುದು ಅವರ ವಾದ. ವಾದದಲ್ಲಿ ಒಂದಿಷ್ಟು ಸತ್ಯ ಇದೆ. ಆದರೆ ಆ ಅಗ್ಗದ ಬೆಲೆ ಯುರೋಪಿನ ಗೋದಾಮು ತುಂಬಿರುವಷ್ಟು ದಿನ ಮಾತ್ರ. ಗೋದಾಮು ಖಾಲಿಯಾದ ದಿನ ಹಡಗು ನಿಲ್ಲುತ್ತದೆ. ಅಷ್ಟರಲ್ಲಿ ಊರಿನ ದನದ ವ್ಯಾಪಾರ ಮುರಿದುಬಿದ್ದಿದ್ದರೆ ಅದೇ ತಾಯಿ ಎಲ್ಲಿಗೆ ಹೋಗಬೇಕು?

ಎಲ್ಲ ತಪ್ಪನ್ನೂ ಬ್ರಸೆಲ್ಸ್ ಮೇಲೆ ಹಾಕುವುದೂ ಸರಿಯಲ್ಲ. 1970ರ ದಶಕದ ಆರಂಭದಲ್ಲಿ ಮತ್ತು 1983-84ರಲ್ಲಿ ಬಿದ್ದ ಬರಗಾಲಗಳಲ್ಲಿ ಸಹೇಲಿನ ಹಿಂಡುಗಳು ಅಪಾರ ಸಂಖ್ಯೆಯಲ್ಲಿ ಸತ್ತಿದ್ದವು. ಪೂರೈಕೆ ಕಡಿಮೆಯಾದಾಗ ದಕ್ಷಿಣ ಅಮೆರಿಕದ ಫ್ರೀಜರ್ ಮಾಂಸ ಮೊದಲು ಜಾಗ ಮಾಡಿಕೊಂಡಿತ್ತು. ಆ ಜಾಗಕ್ಕೆ ಯುರೋಪು ಸಬ್ಸಿಡಿ ಹಿಡಿದು ಬಂತು. ಜೊತೆಗೆ ಈ ದೇಶಗಳ ಸಿಎಫ್‌ಎ ಫ್ರಾಂಕ್ ನಾಣ್ಯಕ್ಕೆ 1948ರಿಂದ ಫ್ರೆಂಚ್ ಫ್ರಾಂಕ್ ಜೊತೆ ಒಂದೇ ದರ, ಒಂದಕ್ಕೆ ಐವತ್ತು. ನಿಜವಾದ ಬೆಲೆಗಿಂತ ಅದು ತುಂಬಾ ಮೇಲಿತ್ತು. ನಾಣ್ಯ ಗಟ್ಟಿಯಾಗಿದ್ದರೆ ಆಮದು ಅಗ್ಗ. ಸಬ್ಸಿಡಿ ಒಂದು ಕಡೆಯಿಂದ, ನಾಣ್ಯ ಇನ್ನೊಂದು ಕಡೆಯಿಂದ, ಎರಡೂ ಸೇರಿ ದನಗಾಹಿಯ ಬೆಲೆಯನ್ನು ಒತ್ತಿದವು.

ಐವರಿ ಕೋಸ್ಟ್ ಸರ್ಕಾರ ಸುಮ್ಮನೆ ಕೂರಲಿಲ್ಲ. ತನ್ನ ಪಶುಪಾಲನೆಯನ್ನು ಕಾಪಾಡಲು ಆಮದು ಮಾಂಸದ ಮೇಲೆ ಹೆಚ್ಚುವರಿ ಸುಂಕ ಹಾಕಿತು. ಆದರೆ ಸಬ್ಸಿಡಿ ಅದನ್ನೂ ಮೀರಿಸುವಷ್ಟು ದೊಡ್ಡದಿತ್ತು. ನಿಜ ಹೇಳಬೇಕೆಂದರೆ ಆ ಸರ್ಕಾರಕ್ಕೆ ಇನ್ನೂ ಗಟ್ಟಿಯಾಗಿ ಬಾಗಿಲು ಹಾಕುವ ದರ್ದು ಇರಲಿಲ್ಲ. ಈ ಪ್ರಕರಣದ ಗಂಟು ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಬಂದರು ಇದ್ದದ್ದು ಒಂದು ದೇಶದಲ್ಲಿ, ದನ ಇದ್ದದ್ದು ಇನ್ನೊಂದು ದೇಶದಲ್ಲಿ. ಅಗ್ಗದ ಮಾಂಸದ ಲಾಭ ಅಬಿಜಾನಿಗೆ, ನಷ್ಟ ಜಿಬೊಗೆ. ಸುಂಕ ಎಷ್ಟಿರಬೇಕು ಎಂದು ನಿರ್ಧರಿಸುವ ಕೋಣೆಯಲ್ಲಿ ಜಿಬೊದ ದನಗಾಹಿಗೆ ಕುರ್ಚಿಯೇ ಇರಲಿಲ್ಲ. ಬ್ರಸೆಲ್ಸಿನಲ್ಲೂ ಇರಲಿಲ್ಲ, ಅಬಿಜಾನಿನಲ್ಲೂ ಇರಲಿಲ್ಲ.

ಒಂದೇ ಊರಿನ ಎರಡು ಇಲಾಖೆ

ಯುರೋಪಿನಲ್ಲೇ ಜನರನ್ನು ಕೆರಳಿಸಿದ ಸಂಗತಿ ಬೇರೆ ಇತ್ತು. 1975ರಲ್ಲಿ ಆದ ಲೋಮೆ ಒಪ್ಪಂದದ ಅಡಿಯಲ್ಲಿ ಯುರೋಪಿಯನ್ ಸಮುದಾಯ ಆಫ್ರಿಕಾದ ದೇಶಗಳಿಗೆ ಅಭಿವೃದ್ಧಿ ನೆರವು ಕೊಡುತ್ತಿತ್ತು. ಸಹೇಲಿನ ಪಶುಪಾಲನೆಗೂ ಅದರಲ್ಲಿ ಪಾಲಿತ್ತು. ಸಮುದಾಯದ ಆಡಳಿತದಲ್ಲಿ ಕೃಷಿ ನೋಡಿಕೊಳ್ಳುತ್ತಿದ್ದುದು ಆರನೇ ಮಹಾನಿರ್ದೇಶನಾಲಯ, ಅಭಿವೃದ್ಧಿ ನೋಡಿಕೊಳ್ಳುತ್ತಿದ್ದುದು ಎಂಟನೆಯದು. ಎಂಟನೆಯದು ಬುರ್ಕಿನಾದ ದನಗಾಹಿಗೆ ಹೆಚ್ಚು ದನ ಸಾಕು, ಮಾರುಕಟ್ಟೆಗೆ ತಾ ಎನ್ನುತ್ತಿತ್ತು. ಆರನೆಯದು ಅದೇ ಮಾರುಕಟ್ಟೆಗೆ ಸಬ್ಸಿಡಿ ಮಾಂಸ ಕಳಿಸುತ್ತಿತ್ತು. ಎರಡಕ್ಕೂ ಹಣ ಬರುತ್ತಿದ್ದುದು ಅದೇ ಯುರೋಪಿನ ತೆರಿಗೆದಾರನ ಜೇಬಿನಿಂದ.

1993ರಲ್ಲಿ ಇದನ್ನೇ ಹಿಡಿದುಕೊಂಡು ಯುರೋಪಿನ ಸ್ವಯಂಸೇವಾ ಸಂಸ್ಥೆಗಳು ಆಂದೋಲನ ಶುರು ಮಾಡಿದವು. ಯುರೋಸ್ಟೆಪ್ ಎಂಬ ಒಕ್ಕೂಟ, ಜರ್ಮನಿಯ ಜರ್ಮನ್‌ವಾಚ್ ಮುಂಚೂಣಿಯಲ್ಲಿದ್ದವು. ಅವರಿಗೆ ಒಳ್ಳೆಯ ಅಸ್ತ್ರವೂ ಸಿಕ್ಕಿತ್ತು. ಯುರೋಪಿಯನ್ ಒಕ್ಕೂಟವನ್ನು ಕಟ್ಟಲು ಆಗಷ್ಟೇ ಆದ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ 130ವಿ ಎಂಬ ವಿಧಿ ಇತ್ತು. ಬಡ ದೇಶಗಳ ಮೇಲೆ ಪರಿಣಾಮ ಬೀರುವ ಯಾವುದೇ ನೀತಿ ಮಾಡುವಾಗ ಅಭಿವೃದ್ಧಿಯ ಗುರಿಗಳನ್ನೂ ಗಮನಕ್ಕೆ ತೆಗೆದುಕೊಳ್ಳಬೇಕು ಎಂದು ಅದು ಹೇಳುತ್ತಿತ್ತು. ಒಪ್ಪಂದ 1993ರ ನವೆಂಬರ್ 1ರಂದು ಜಾರಿಗೆ ಬಂತು. ನೀವೇ ಬರೆದ ಕಾನೂನನ್ನು ನೀವೇ ಮುರಿಯುತ್ತಿದ್ದೀರಿ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ, ಅಲ್ವಾ? ಆಗ ಕೃಷಿ ಆಯುಕ್ತರಾಗಿದ್ದವರು ಲಕ್ಸೆಂಬರ್ಗಿನ ರೆನೆ ಸ್ಟೈಖೆನ್, ಅಭಿವೃದ್ಧಿ ಆಯುಕ್ತರು ಸ್ಪೇನಿನ ಮನುವೆಲ್ ಮರೀನ್. ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಮಾತು ಎದ್ದಿತು. ಪಶ್ಚಿಮ ಆಫ್ರಿಕಾಕ್ಕೆ ಹೋಗುವ ಮಾಂಸದ ಮರುಪಾವತಿ ದರವನ್ನು ಸಮುದಾಯದ ಆಡಳಿತ ನಡೆಸುವ ಯುರೋಪಿಯನ್ ಆಯೋಗ ಇಳಿಸಿತು. ಒಂದೇ ಸಲ ಅಲ್ಲ, ಹಂತ ಹಂತವಾಗಿ.

ದರ ಇಳಿಸುವುದಕ್ಕೆ ಹೊಸ ಕಾನೂನು ಬೇಕಾಗಲಿಲ್ಲ. ದರಪಟ್ಟಿಯಲ್ಲಿ ಒಂದು ಅಂಕಿ ತಿದ್ದಿದರೆ ಆಯಿತು. ಇಷ್ಟು ವರ್ಷ ಯಾರೂ ತಿದ್ದಲಿಲ್ಲ ಎಂಬುದು ನೆನೆದರೆ ಬೇಸರವಾಗುತ್ತದೆ.

ಆಮೇಲೆ ಬಂದದ್ದು ದೊಡ್ಡ ಹೊಡೆತ. 1994ರ ಜನವರಿ 11ರಂದು ಸೆನೆಗಲ್ಲಿನ ಡಕಾರಿನಲ್ಲಿ ಸೇರಿದ್ದ ನಾಯಕರು ಸಿಎಫ್‌ಎ ಫ್ರಾಂಕ್ ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಒಂದು ಫ್ರೆಂಚ್ ಫ್ರಾಂಕಿಗೆ ಐವತ್ತು ಇದ್ದದ್ದು ನೂರಾಯಿತು. ಯುರೋಪಿನ ಮಾಂಸದ ಬೆಲೆ ಅಬಿಜಾನಿನ ಲೆಕ್ಕದಲ್ಲಿ ರಾತ್ರೋರಾತ್ರಿ ಎರಡು ಪಟ್ಟು. ಬುರ್ಕಿನಾ, ಮಾಲಿ, ನೈಜರ್, ಐವರಿ ಕೋಸ್ಟ್ ನಾಲ್ಕಕ್ಕೂ ಒಂದೇ ನಾಣ್ಯ. ಹಾಗಾಗಿ ಸಹೇಲಿನ ದನದ ಬೆಲೆಗೆ ಆ ಏಟು ಬೀಳಲಿಲ್ಲ. ವರ್ಷದೊಳಗೆ ವ್ಯಾಪಾರ ತಿರುಗಿತು. ಕರಾವಳಿಗೆ ಹೋಗುವ ಸಹೇಲಿನ ದನಗಳ ಸಂಖ್ಯೆ ಜೋರಾಗಿ ಏರಿತು, ಯುರೋಪಿನ ಪೆಟ್ಟಿಗೆಗಳು ಕುಗ್ಗಿದವು. ಅಪಮೌಲ್ಯದಿಂದ ಔಷಧಿ, ಅಕ್ಕಿ, ಪೆಟ್ರೋಲ್ ಎಲ್ಲ ದುಬಾರಿಯಾಗಿ ಪಟ್ಟಣದ ಬಡವರು ಬವಣೆಪಟ್ಟರು ಎಂಬುದೂ ನಿಜ. ಆದರೆ ದನ ಮಾರುವವನ ಕೈಗೆ ಬಹಳ ವರ್ಷಗಳ ನಂತರ ಒಂದಿಷ್ಟು ದುಡ್ಡು ಬಂತು.

ಆಂದೋಲನ ಗೆದ್ದಿತೋ, ಅಪಮೌಲ್ಯ ಗೆದ್ದಿತೋ ಎಂದು ಆಗಿನಿಂದ ಚರ್ಚೆ ನಡೆದಿದೆ. ನನ್ನ ಲೆಕ್ಕದಲ್ಲಿ ಎರಡಕ್ಕೂ ಪಾಲಿದೆ, ಅಪಮೌಲ್ಯದ ಪಾಲು ದೊಡ್ಡದು. ಆದರೆ ಮರುಪಾವತಿ ದರ ಇಳಿಯದೇ ಇದ್ದಿದ್ದರೆ, ಅಪಮೌಲ್ಯವನ್ನು ನೋಡಿ ಬ್ರಸೆಲ್ಸ್ ದರವನ್ನು ಇನ್ನಷ್ಟು ಏರಿಸಬಹುದಿತ್ತು. ಹಾಗೆ ಏರಿಸಲು ಬಿಡದಂತೆ ತಡೆದದ್ದು ಆಂದೋಲನ.

ಅದೇ ಯುರೋಪಿನ ಹೆಚ್ಚುವರಿ, ಭಾರತದಲ್ಲಿ

ಇದೇ ಬಗೆಯ ಹೆಚ್ಚುವರಿ ನಮ್ಮ ಕಡೆಗೂ ಬಂದಿತ್ತು. 1960ರ ದಶಕದ ಕೊನೆಗೆ ಯುರೋಪಿನಲ್ಲಿ ಹಾಲಿನ ಪುಡಿ, ಬೆಣ್ಣೆಯ ರಾಶಿ ಬೆಳೆಯುತ್ತಿದ್ದಾಗ ಗುಜರಾತಿನ ಆಣಂದದಲ್ಲಿ ಅಮುಲ್ ಹಾಲು ಸಹಕಾರವನ್ನು ಬೆಳೆಸಿದ ವರ್ಗೀಸ್ ಕುರಿಯನ್ ಅವರಿಗೆ ಒಂದು ಭಯ ಹತ್ತಿತು. ಇದು ಇವತ್ತಲ್ಲ ನಾಳೆ ಭಾರತಕ್ಕೆ ದಾನವಾಗಿಯೋ ಅಗ್ಗದ ಮಾಲಾಗಿಯೋ ಬರುತ್ತದೆ, ಬಂದರೆ ಆಣಂದದ ರೈತ ಮುಳುಗುತ್ತಾನೆ ಎಂಬ ಭಯ. ಅವರು ಬೇಡ ಎನ್ನಲಿಲ್ಲ. ಕೊಡಿ, ಆದರೆ ಅದನ್ನು ಮಾರುವುದು ನಾವು ಎಂದರು. 1970ರಲ್ಲಿ ಹಳ್ಳಿಗಳ ಹಾಲು ಸಹಕಾರ ಬೆಳೆಸುವ ಆಪರೇಷನ್ ಫ್ಲಡ್ ಯೋಜನೆ ಶುರುವಾಯಿತು. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಮೊದಲ ಹಂತಕ್ಕೆ 1,26,000 ಟನ್ ಕೆನೆ ತೆಗೆದ ಹಾಲಿನ ಪುಡಿ, 42,000 ಟನ್ ಬೆಣ್ಣೆ ಎಣ್ಣೆ (ನೀರು ತೆಗೆದ ಬೆಣ್ಣೆಯ ಕೊಬ್ಬು) ಎಂದು ನಿಗದಿಯಾಯಿತು. ಅದನ್ನು ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈ ಡೇರಿಗಳಲ್ಲಿ ಹಾಲಾಗಿ ಮಾಡಿ, ಊರಿನ ಹಾಲಿನ ಬೆಲೆಗೆ ಹೊಂದುವ ಹಾಗೆ ಮಾರಿದರು. ಬಂದ ಹಣ ಹಳ್ಳಿಗಳ ಸಹಕಾರ ಸಂಘಗಳಿಗೆ, ಡೇರಿಗಳಿಗೆ ಹೋಯಿತು.

ಇದಕ್ಕೂ ಟೀಕೆ ಇತ್ತು. ಆಮದು ಪುಡಿಯ ಮೇಲೆ ಡೇರಿಗಳು ಒರಗಿಕೊಳ್ಳುತ್ತಿವೆ ಎಂದು 1980ರ ದಶಕದಲ್ಲಿ ಗಟ್ಟಿಯಾಗಿ ಮಾತು ಬಂತು, ಸರ್ಕಾರ ಜಾ ಸಮಿತಿಯನ್ನೂ ನೇಮಿಸಿತು. ಆ ಟೀಕೆಯನ್ನು ತಳ್ಳಿಹಾಕಲು ಬರುವುದಿಲ್ಲ. ಆದರೂ ಮುಖ್ಯ ವ್ಯತ್ಯಾಸ ಉಳಿಯುತ್ತದೆ. ಇಲ್ಲಿ ಬಂದರು, ಹಸು ಎರಡೂ ಒಂದೇ ದೇಶದಲ್ಲಿ ಇದ್ದವು. ಪುಡಿ ಒಳಗೆ ಬರುವ ಬಾಗಿಲಲ್ಲಿ ರೈತರ ಪರವಾದ ಸಂಸ್ಥೆಯೊಂದು ನಿಂತಿತ್ತು, ಬೆಲೆಯನ್ನು ಅದು ಹೇಳುತ್ತಿತ್ತು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಾಗಿ ಶುರುವಾಗಿ 1984ರಲ್ಲಿ ಹಾಲು ಮಹಾಮಂಡಳವಾದ ಕೆಎಂಎಫ್, ಅದರ ನಂದಿನಿ, ಇವೆಲ್ಲ ಬೆಳೆದದ್ದು ಈ ಗೋಡೆಯ ಒಳಗೆ.

ಆ ಗೋಡೆಯಲ್ಲೂ ಒಮ್ಮೆ ಬಿರುಕು ಬಿಟ್ಟಿತ್ತು. ಹಾಲಿನ ಪುಡಿಗೆ ಶೂನ್ಯ ಸುಂಕ ಎಂದು ಭಾರತ ಜಾಗತಿಕ ವ್ಯಾಪಾರ ಒಪ್ಪಂದದಲ್ಲಿ ಹಿಂದೆ ಒಪ್ಪಿಕೊಂಡಿತ್ತು. 1999-2000ರಲ್ಲಿ ಯುರೋಪಿನ ಸಬ್ಸಿಡಿ ಪುಡಿ ಭಾರತಕ್ಕೆ ಬರತೊಡಗಿತು. ಸರ್ಕಾರ ಎಚ್ಚೆತ್ತು ಮತ್ತೆ ಮಾತುಕತೆಗೆ ಕೂತಿತು. 10,000 ಟನ್ ತನಕ ಶೇ 15, ಅದಕ್ಕಿಂತ ಜಾಸ್ತಿ ಬಂದರೆ ಶೇ 60 ಸುಂಕ ಎಂದು ತಿದ್ದಿಸಿಕೊಂಡಿತು.

ಮುಂದೇನಾಯಿತು

ಅಬಿಜಾನಿನಲ್ಲಿ ಬಾಗಿಲು ಮುಚ್ಚಿದ ಮೇಲೆ ಯುರೋಪಿನ ಅಗ್ಗದ ಮಾಂಸ ದಕ್ಷಿಣ ಆಫ್ರಿಕಾದ ಕಡೆ ತಿರುಗಿತು. ಅಲ್ಲಿಯೂ, ಪಕ್ಕದ ನಮೀಬಿಯಾದಲ್ಲಿಯೂ ದನ ಸಾಕುವವರು ಕೂಗೆಬ್ಬಿಸಿದರು. ಮತ್ತೆ ದರ ಇಳಿಯಿತು. 1995ರಿಂದ ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದ ಬಂತು. ರಫ್ತು ಸಬ್ಸಿಡಿಯ ಖರ್ಚನ್ನು ಆರು ವರ್ಷದಲ್ಲಿ ಶೇ 36, ಪ್ರಮಾಣವನ್ನು ಶೇ 21 ಇಳಿಸಬೇಕೆಂದು ಶ್ರೀಮಂತ ದೇಶಗಳು ಒಪ್ಪಿದವು. ಯುರೋಪು 2013ರ ಹೊತ್ತಿಗೆ ಮರುಪಾವತಿಯನ್ನು ಸೊನ್ನೆಗೆ ತಂದಿತು. 2015ರ ಡಿಸೆಂಬರ್‌ನಲ್ಲಿ ನೈರೋಬಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳು ಕೃಷಿ ರಫ್ತು ಸಬ್ಸಿಡಿ ನಿಲ್ಲಿಸುವ ತೀರ್ಮಾನ ಮಾಡಿದವು. ಈ ಜಯ ಸಣ್ಣದಲ್ಲ.

ಆದರೆ ಯುರೋಪಿನ ರೈತನಿಗೆ ಸಿಗುವ ಹಣ ನಿಲ್ಲಲಿಲ್ಲ, ದಾರಿ ಬದಲಾಯಿತು. ಮಾಲಿನ ಮೇಲೆ ಕೊಡುತ್ತಿದ್ದದ್ದನ್ನು ಈಗ ಜಮೀನಿನ ಮೇಲೆ ನೇರವಾಗಿ ಖಾತೆಗೆ ಹಾಕುತ್ತಾರೆ. ಆ ಹಣ ಇರುವುದರಿಂದ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿದರೂ ರೈತ ಉಳಿಯುತ್ತಾನೆ. ಕಾಗದದ ಮೇಲೆ ಅದು ರಫ್ತು ಸಬ್ಸಿಡಿ ಅಲ್ಲ. 2015ರ ಮಾರ್ಚ್ 31ಕ್ಕೆ ಹಾಲಿನ ಕೋಟಾವೂ ಮುಗಿಯಿತು. ಉತ್ಪಾದನೆ ಏರಿ, 2017ರ ಕೊನೆಗೆ ಯುರೋಪಿನ ಗೋದಾಮುಗಳಲ್ಲಿ ಸುಮಾರು 3,80,000 ಟನ್ ಕೆನೆ ತೆಗೆದ ಹಾಲಿನ ಪುಡಿ ಮತ್ತೆ ಕೂತಿತು.

ಈಗ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿರುವ ಮಾಲಿನಲ್ಲಿ ಮುಖ್ಯವಾದದ್ದು ಬೇರೆ ಬಗೆಯ ಪುಡಿ. ಹಾಲಿನ ಕೊಬ್ಬು ತೆಗೆದು ಬೆಣ್ಣೆಗೆ ಮಾರಿಕೊಳ್ಳುತ್ತಾರೆ. ಉಳಿದ ಪುಡಿಗೆ ಪಾಮ್ ಎಣ್ಣೆ ಬೆರೆಸುತ್ತಾರೆ. ನೋಡಲು ಹಾಲಿನ ಪುಡಿ, ಬೆಲೆ ತುಂಬಾ ಕಡಿಮೆ. ಫುಲಾನಿ ಹೆಂಗಸರು ಬೆಳಗ್ಗೆ ಕರೆದ ಹಾಲನ್ನು ಪಟ್ಟಣಕ್ಕೆ ತಂದು ಮಾರುವುದು ಅಲ್ಲಿ ಹಳೆಯ ಜೀವನೋಪಾಯ. ಮಾಂಸದ ಬೆಲೆ ಬಿದ್ದಾಗ ಪೆಟ್ಟು ಗಂಡಸಿನ ಸಂತೆಗೆ. ಹಾಲಿನ ಬೆಲೆ ಬಿದ್ದರೆ ಪೆಟ್ಟು ಹೆಂಗಸಿನ ಕೈಯ ಕಾಸಿಗೆ. 2018ರಲ್ಲಿ ಬುರ್ಕಿನಾ, ಮಾಲಿ, ನೈಜರ್, ಸೆನೆಗಲ್ ಮೊದಲಾದ ದೇಶಗಳ ಹಾಲು ಉತ್ಪಾದಕರು ಸೇರಿ 'ನನ್ನ ಹಾಲು ಊರಿನ ಹಾಲು' ಎಂಬ ಆಂದೋಲನ ಶುರು ಮಾಡಿದರು. ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು, ಆಮದು ಪುಡಿಗೆ ಬಂದರಿನಲ್ಲೇ ಹೆಚ್ಚು ಸುಂಕ ಹಾಕಿ ಎಂಬುದು. 2015ರಿಂದ ಜಾರಿಗೆ ಬಂದ ಪಶ್ಚಿಮ ಆಫ್ರಿಕಾದ ಸಾಮಾನ್ಯ ಸುಂಕಪಟ್ಟಿಯಲ್ಲಿ ದೊಡ್ಡ ಚೀಲದ ಹಾಲಿನ ಪುಡಿಗೆ ಇಟ್ಟ ದರ ಶೇ 5.